ಹಸಿ ನೆಲದ ಎಚ್ಚರಿಕೆ

ಸುಣ್ಣದಗುಡ್ಡದ ಪೂಜ್ಯ ಗುರವ್ವತಾಯಿಯವರು ಒಂದೇ ಕೋಣೆಯ ಹಂಚಿನ ಮನೆಯಲ್ಲಿ ವಾಸವಾಗಿದ್ದರು. ಬಾಗಿಲಿತ್ತು, ಚಿಲಕವಿರಲಿಲ್ಲ. ನಿವೃತ್ತ ಹವಾಲ್ದಾರ ಯಮನಪ್ಪನ ಜೀವ ತಿನ್ನುತ್ತಿದ್ದುದು ಇದೇ. ಭಕ್ತರು ತಾಯಿಯವರಿಗೆ ಬೆಳ್ಳಿಯ ಬೋಗುಣಿ ಅರ್ಪಿಸಿದ ಸುದ್ದಿ ಹಬ್ಬಿದ ಮೇಲಂತೂ ಅವನಿಗೆ ತಡೆಯಲಾಗಲಿಲ್ಲ. ಒಂದು ಮಧ್ಯಾಹ್ನ ಬಂದೂಕು ಹೊತ್ತು ಬಂದೇಬಿಟ್ಟ, ಕಳ್ಳರನ್ನು ಎಚ್ಚರಿಸುವ ಕ್ರಮ ಕಲಿಸಲು.

ತಾಯಿಯವರು ನೆಲ ಸಾರಿಸುತ್ತ ಹಿಂದೆ ಸರಿದು ಆಗತಾನೇ ಹೊಸ್ತಿಲಾಚೆ ಬಂದಿದ್ದರು.

"ಮೊದಲ ಜೋರಾಗಿ ಒದರಬೇಕ್ರಿ ಯವ್ವಾರ. ಯಾರಂವಾ, ಅಲ್ಲೇ ನಿಲ್ಲು! ಆಮ್ಯಾಲ ಗುಂಡಿನ ಸುದ್ದಿ ತಗೀಬೇಕು."

ಪಾಠ ಮುಗಿಯುವ ಮೊದಲೇ ಮಾಡಿನ ಹಂಚು ಸರಿದವು. ತೊಲೆಯ ಮೇಲೆ ಎರಡು ಕಾಲು ಇಳಿದವು. ಹಿಂದೆಯೇ ಕಾಲಿನ ಒಡೆಯ.

"ನಿಲ್ಲು! ಅಲುಗಾಡಿದರ ಸುಟ್ಟಬಿಡ್ತೀನಿ!" ಯಮನಪ್ಪ ಗುರಿಯಿಟ್ಟು ಅಬ್ಬರಿಸಿದ. ಬೆದರಿದ ಕಳ್ಳ ಧುಮುಕಲು ವಾಲಿದ. ಯಮನಪ್ಪನ ಬೆರಳು ಬಂದೂಕಿನ ಕುದುರೆಯ ಮೇಲೆ ಬಿಗಿಯಿತು.

ತಾಯಿಯವರು ತಲೆಯೆತ್ತಿದರು. "ತಮ್ಮಾ, ನೆಲಾ ಈಗಷ್ಟ ಸಾರಿಸೇನಿ. ಒಣಗೂತನಕ ಕಾಲಿಡಬ್ಯಾಡ."

ಕಳ್ಳ ಕಾಲು ಮೇಲೆಳೆದುಕೊಂಡ. ಒಳನುಗ್ಗಲು ಪಾದವೆತ್ತಿದ್ದ ಯಮನಪ್ಪನೂ ಹಿಂದೆ ಸರಿದ. ಅವ್ವ ಹಾಗೆಂದ ಮೇಲೆ ಹಸಿ ನೆಲ ತುಳಿಯುವ ಗಂಡಸು ಆ ಸೀಮೆಯಲ್ಲಿ ಹುಟ್ಟಿರಲಿಲ್ಲ. ಒಬ್ಬ ತೊಲೆಯ ಮೇಲೆ, ಒಬ್ಬ ಹೊಸ್ತಿಲಾಚೆ, ಇಬ್ಬರೂ ನೆಲ ಒಣಗುವುದನ್ನೇ ಕಾಯತೊಡಗಿದರು.

"ಯವ್ವಾ, ಆ ಬೆಳ್ಳಿ ಬೋಗುಣಿ ಎಲ್ಲೈತ್ರಿ?" ಹೊತ್ತು ಹೋಗದೆ ಕಳ್ಳ ಕೇಳಿದ.

"ಅದರಾಗ ಸಗಣಿ ಕಲಸೇನಿ."

"ಅಯ್ಯ! ಅದನ್ನ್ಯಾರ ಹೊರಬೇಕ್ರಿ!"

ಯಮನಪ್ಪನಿಗೆ ನಗು ಉಕ್ಕಿತು. ನಗುವವನ ಕೈಯಲ್ಲಿ ಗುರಿ ನಿಲ್ಲುವುದಿಲ್ಲ. ಬಂದೂಕು ಕೆಳಗಿಟ್ಟ.

ನೆಲ ಒಣಗಿತು. ಕಳ್ಳ ಮಾತ್ರ ತೊಲೆ ಅಪ್ಪಿಕೊಂಡೇ ಕೂತಿದ್ದ.

"ಭಾಳ ಎತ್ತರ ಐತ್ರಿ."

"ಮೊದಲ ಧುಮುಕಾಕ ಹೊಂಟಿದ್ದೆಲ್ಲೋ ಮಗನ?"

"ಆವಾಗ ನಿಮ್ಮನ್ನ ನೋಡಾಕತ್ತಿದ್ನಿ ಕಾಕಾ, ಕೆಳಗ ನೋಡಿರಲಿಲ್ಲ."

ತಾಯಿಯವರು ಯಮನಪ್ಪನತ್ತ ತಿರುಗಿ ಇಷ್ಟೇ ಅಂದರು: "ಹೆಗಲು ಕೊಡು."

ಯಮನಪ್ಪ ಒಳಗೆ ಹೋಗಿ ತೊಲೆಯ ಕೆಳಗೆ ನಿಂತ. ಬರಿಗಾಲುಗಳೆರಡು ಹೆಗಲೇರಿ ಗಡಗಡ ನಡುಗಿದವು.

"ಹುಷಾರ್ರಿ ಕಾಕಾ, ನಡಾ ಹಿಡಿದೀತು," ಎಂದು ಕಳ್ಳನೇ ಎಚ್ಚರಿಸಿದ.

ತಾನು ಸುಡಲು ಹೊರಟಿದ್ದ ಜೀವ ಇದೇ ಅಲ್ಲವೇ! ಯಮನಪ್ಪ ಆ ಪಾದಗಳನ್ನು ಭದ್ರವಾಗಿ ಹಿಡಿದು, ಅವನನ್ನು ಇಳಿಸಲು ಮೆಲ್ಲಗೆ ಮೊಣಕಾಲೂರಿದ. ಕಳ್ಳ ಇಳಿದ ಮೇಲೂ ಅವನು ಏಳಲಿಲ್ಲ. ತಾಯಿಯವರ ಮುಂದೆ ಹಾಗೇ ಹಣೆಯನ್ನು ನೆಲಕ್ಕೆ ಹಚ್ಚಿದ.