ಹಸಿರಂಗಿ

"ಗುರುಗಳೇ, ಒಬ್ಬಿಬ್ಬರು ಸುಳ್ಳಾಡಬಹುದು. ಊರಿಗೆ ಊರೇ ಕಣ್ಣಾರೆ ಕಂಡೆವು ಎನ್ನುವಾಗ ಅದು ಸುಳ್ಳಾಗುವುದು ಹೇಗೆ?" ಎಂದು ಶಿಷ್ಯ ಕೇಳಿದ.

"ನಿನಗೆ ಊರೆಂದರೆ ಬಹಳ ಭಕ್ತಿ ಕಣಪ್ಪ," ಎಂದು ಗುರುಗಳು ಈ ಕತೆ ಹೇಳಿದರು.

ಒಂದು ಊರಿನವರಿಗೆ ಫುಟ್‌ಬಾಲಿನ ಹುಚ್ಚು. ಅವರ ತಂಡದಲ್ಲಿ ಗೋಲು ಕಾಯುವವನು ಒಬ್ಬ ಪಿಂಜಾರ. ಮುಸಲ್ಮಾನ, ಹತ್ತಿ ಹಿಂಜಿ ಗಾದಿ ಹೊಲಿಯುವವನು. ಅವನು ಯಾವ ದೇವರಿಗೆ ಕೈಮುಗಿಯುತ್ತಾನೆಂದು ಆಗ ಯಾರೂ ಕೇಳುತ್ತಿರಲಿಲ್ಲ, ಚೆಂಡು ಹಿಡಿದರೆ ಸಾಕಿತ್ತು. ಗೋಲು ಕಾಯುವವನ ಅಂಗಿ ಬೇರೆ ಬಣ್ಣದ್ದಿರಬೇಕು ಎಂಬುದು ಆ ಆಟದ ನಿಯಮ. ಉಳಿದವರದು ಬಿಳಿ, ಅವನದು ಹಸಿರು. ಊರಿನ ಬಟ್ಟೆ ಸಾಹುಕಾರನ ಅಂಗಡಿಯಲ್ಲಿ ಮಾರಾಟವಾಗದೆ ಬಿದ್ದಿದ್ದ ತುಂಡು ಅದೇ ಬಣ್ಣದ್ದಾಗಿತ್ತು, ಬೇರೆ ಕಾರಣವೇನೂ ಇರಲಿಲ್ಲ.

ಪಕ್ಕದೂರಿನ ಮೇಲೆ ಫೈನಲ್ ಆಟ ಬಿತ್ತು. ಆಟದ ನಡುವೆ ಪಿಂಜಾರನ ಬೆರಳು ಮುರಿಯಿತು. ಹಸಿರಂಗಿ ಇದ್ದದ್ದು ಒಂದೇ. ಅದನ್ನು ಕಳಚಿ ತಂಡದಲ್ಲೇ ಇದ್ದ ಸಾಹುಕಾರನ ಮಗನಿಗೆ ತೊಡಿಸಿ, ತಾನು ಹೊರಗೆ ಕೂತ. ಕೊನೆಗಳಿಗೆಯಲ್ಲಿ ಚೆಂಡು ಸಾಹುಕಾರನ ಮಗನ ಕಾಲ ಸಂದಿಯಲ್ಲಿ ನುಸುಳಿತು. ಊರು ಸೋತಿತು.

ಸಾಹುಕಾರರ ಮಗನ ಹೆಸರೆತ್ತಿದರೆ ಚೆನ್ನಾಗಿರುವುದಿಲ್ಲ ಎಂದು ಜನ ಮರ್ಯಾದೆಗೆ 'ಹಸಿರಂಗಿ ಗೋಲು ಬಿಟ್ಟಿತು' ಎಂದರು. ಬಹಳ ಮರ್ಯಾದಸ್ಥ ಊರು, ಏನು ಹೇಳಲಿ! ವರ್ಷಗಳು ಕಳೆದಂತೆ ಅದು 'ಹಸಿರಂಗಿಯವನು ಬಿಟ್ಟ' ಎಂದಾಯಿತು. ಆಮೇಲೆ ಊರು ಬಣ್ಣಗಳನ್ನೂ ದೇವರುಗಳ ಹೆಸರಿನಲ್ಲಿ ಹಂಚಿಕೊಂಡಿತು. ಆಗ 'ಬೇಕೆಂದೇ ಬಿಟ್ಟ' ಎಂದಾಯಿತು. ಆಟದ ದಿನ ಹುಟ್ಟೇ ಇರದವರೂ ಕಣ್ಣಾರೆ ಕಂಡೆ ಎನ್ನತೊಡಗಿದರು.

ಸಾಹುಕಾರನ ಮಗ ಚುನಾವಣೆಗೆ ನಿಂತ. ಪ್ರಚಾರದ ಸಭೆಯಲ್ಲಿ ಆ ಸೋಲನ್ನು ನೆನೆದು ಕಣ್ಣೀರಿಟ್ಟ. ನಮ್ಮೊಳಗೇ ಇದ್ದು ನಮಗೇ ದ್ರೋಹ ಬಗೆದರು ಎಂದ. ಸಭೆ ಮುಗಿದದ್ದೇ ಜನ ಪಿಂಜಾರನ ಅಂಗಡಿಯ ಬಾಗಿಲಿಗೆ ನುಗ್ಗಿದರು. ಸಾಹುಕಾರನ ಮಗನೂ ಜೊತೆಗೆ ಬಂದ.

ಪಿಂಜಾರ ಮುದುಕನಾಗಿದ್ದ. ಅಂಗಡಿಯೊಳಗಿನಿಂದಲೇ ತನ್ನ ಸೊಟ್ಟ ಬೆರಳು ತೋರಿಸಿದ.

"ಗೋಲ್ ಬಿಟ್ಟಾಂವ ನಾ ಅಲ್ರೀ ಯಪ್ಪಾ. ಬೆರಳ ಮುರದು ಹೊರಗ ಕುಂತಿದ್ದೆ. ಅಂಗಿ ಸಣ್ಣ ಸಾವಕಾರ್ರು ಹಾಕ್ಕೊಂಡಿದ್ರು. ಅವರು ಸುಳ್ಳ ಹೇಳಂಗಿಲ್ಲ, ಅವರನ್ನ ಕೇಳ್ರಿ."

ಜನ ಸಾಹುಕಾರನ ಮಗನ ಕಡೆ ತಿರುಗಿದರು. ಗದ್ದಲ ನಿಂತಿತು. ಮುದುಕನ ಜೀವ ಆ ಒಂದು ಮಾತಿನಲ್ಲಿತ್ತು. ಸಾಹುಕಾರನ ಮಗ ಹುಬ್ಬು ಗಂಟಿಕ್ಕಿ ಯೋಚಿಸಿದ. ನಿಜಕ್ಕೂ ಯೋಚಿಸಿದ.

"ಹಸರ ಅಂಗಿ ನಾ ಯಾಕ ಹಾಕ್ಕೊಳ್ಳಲಿ?" ಎಂದ.

ಜನ ಹೊರಗಿನಿಂದ ಬಾಗಿಲ ಚಿಲಕ ಹಾಕಿ ಬೆಂಕಿ ಇಟ್ಟರು. ತುಂಬ ಹತ್ತಿ ಇದ್ದ ಅಂಗಡಿ, ಉರಿಯಲು ಎಷ್ಟು ಹೊತ್ತು ಬೇಕು? ಇದನ್ನು ಹೇಳುವಾಗ ನನಗೆ ಈಗಲೂ ಸಂಕಟವಾಗುತ್ತದೆ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಿಟ್ಟು ತಡೆಯಲಾಗಲಿಲ್ಲ. "ಎಂಥ ಪಾಪಿ! ಒಂದು ಜೀವ ಹೋಗುವಾಗಲೂ ಸುಳ್ಳು ಹೇಳಿದನಲ್ಲ" ಎಂದ.

ಗುರುಗಳು ಹೇಳಿದರು: "ಸುಳ್ಳು ಹೇಳಿದ್ದರೆ ಅವನೊಬ್ಬನಿಗಾದರೂ ನಿಜ ನೆನಪಿರುತ್ತಿತ್ತು."