ಇಲಿಗಳು ಮಲಗಿವೆ

ನಿದ್ದೆಯ ಕೀಲು ಮಿದುಳಿನ ಯಾವ ಮೂಲೆಯಲ್ಲಿದೆ ಎಂದು ಬಲ್ಲವನೊಬ್ಬನಿದ್ದ. ಅವನಿಗೇ ನಿದ್ದೆ ಬರುತ್ತಿರಲಿಲ್ಲ.

ಹೆಸರು ಪದ್ಮರಾಜ. ದೊಡ್ಡ ಸಂಸ್ಥೆಯೊಂದರಲ್ಲಿ ಮಿದುಳಿನ ವಿಜ್ಞಾನಿ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುತ್ತಾರೆ. ಇವನಿಗೆ ಮೆತ್ತನೆ ಹಾಸಿಗೆ, ತಣ್ಣನೆ ಕೋಣೆ, ಡಾಕ್ಟರು ಬರೆದುಕೊಟ್ಟ ಮಾತ್ರೆ ಎಲ್ಲ ಇದ್ದೂ ರೆಪ್ಪೆ ಕೂಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವನು ತನ್ನ ಗುರುವನ್ನು ಹುಡುಕಿಕೊಂಡು ಹೊಳೆದಂಡೆಯ ಆಶ್ರಮಕ್ಕೆ ಬಂದ.

ಗುರು ಆರಾಧ್ಯರು ಹಿಂದೆ ಅದೇ ಸಂಸ್ಥೆಯ ಪ್ರಯೋಗಶಾಲೆಯನ್ನು ಕಟ್ಟಿ ಬೆಳೆಸಿದವರು. ಅಲ್ಲಿ ಎಲ್ಲರ ಬಾಯಲ್ಲೂ ಅವರು ಮೇಷ್ಟ್ರು. ನಿವೃತ್ತರಾದ ಮೇಲೆ ಇಲ್ಲಿಗೆ ಬಂದು, ಅಡುಗೆಮನೆಗೆ ಸೊಪ್ಪು ಬಿಡಿಸಿಕೊಡುತ್ತಾ ಕಾಲ ಕಳೆಯುತ್ತಿದ್ದರು.

ಊಟ ಮುಗಿದು ಆಶ್ರಮವೆಲ್ಲ ಅಡ್ಡಾಗಿತ್ತು. ಮೇಷ್ಟ್ರು ಒಬ್ಬರೇ ಮೆಟ್ಟಿಲ ಮೇಲೆ ಮೊರ ಇಟ್ಟುಕೊಂಡು ಕೂತಿದ್ದರು.

ಪದ್ಮರಾಜ ಕಾಲಿಗೆ ಬಿದ್ದ.

"ಮೇಷ್ಟ್ರೇ, ನಿದ್ದೆ ಬರ್ತಿಲ್ಲ."

"ಏನೋ ಕಂಡುಹಿಡಿದಿದ್ದೀಯಂತಲ್ಲ, ಪೇಪರಲ್ಲಿ ನೋಡಿದೆ. ಮೊದಲು ಅದನ್ನ ಹೇಳು."

ಅವನು ಹೇಳಿದ. ಮಿದುಳಿನ ತಳದಲ್ಲಿ ಎಳ್ಳುಕಾಳಷ್ಟು ಜಾಗ. ಅಲ್ಲಿ ಜೀವಕೋಶಗಳ ಒಂದು ಗುಂಪು. ಅವು ಮಿಡಿದರೆ ಎಚ್ಚರ, ಸುಮ್ಮನಾದರೆ ನಿದ್ದೆ. ಕೂದಲಿನಂಥ ಎಳೆಯೊಂದರಿಂದ ಅವಕ್ಕೆ ಬೆಳಕು ತಾಗಿಸಿದರೆ ಸಾಕು, ಗಾಢ ನಿದ್ದೆಯಲ್ಲಿದ್ದ ಇಲಿಯೂ ಎದ್ದು ಕೂರುತ್ತದೆ.

"ಆದರೆ ಅದಕ್ಕೊಂದು ಹಂತ ಇದೆ ಮೇಷ್ಟ್ರೇ. ನಿದ್ದೆಗೆಟ್ಟು ಆ ಹಂತ ದಾಟಿದರೆ ಬೆಳಕೂ ನಡೆಯಲ್ಲ, ಹೆದರಿಕೆಯೂ ನಡೆಯಲ್ಲ. ಕೋಶಗಳು ಕೈಚೆಲ್ಲಿಬಿಡ್ತವೆ. ಕಣ್ಣು ತೆರೆದೇ ಇರುತ್ತೆ, ಇಲಿ ಮಲಗಿರುತ್ತೆ. ಇದನ್ನ ಇಷ್ಟು ಖಚಿತವಾಗಿ ಯಾರೂ ತೋರಿಸಿರಲಿಲ್ಲ!"

ಹೇಳುತ್ತಾ ಹೇಳುತ್ತಾ ಅವನ ದನಿ ಏರಿತ್ತು. ಕೈಗಳು ಗಾಳಿಯಲ್ಲಿ ಮಿದುಳಿನ ಚಿತ್ರ ಬರೆಯುತ್ತಿದ್ದವು.

ಮೇಷ್ಟ್ರು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ಅವನ ಮುಖ ನೋಡಿದರು.

"ಎಷ್ಟು ಖುಷಿಯಾಗಿದ್ದೀಯ," ಎಂದರು.

ಪದ್ಮರಾಜ ಗಾಳಿಯಲ್ಲಿದ್ದ ಕೈ ಇಳಿಸಿದ. ಸಾವಿನ ಮನೆಯಲ್ಲಿ ನಕ್ಕು ಸಿಕ್ಕಿಬಿದ್ದವನ ಹಾಗಾಯಿತು.

"ಈಗ ಆ ಹುಡುಗಿ ವಿಷಯ ಹೇಳು."

"ನಿಮಗೆ ಗೊತ್ತಾ?"

"ಅದೂ ಪೇಪರಲ್ಲಿತ್ತು. ಒಳಪುಟದಲ್ಲಿ, ಚಿಕ್ಕದಾಗಿ."

ಹುಡುಗಿಯ ಹೆಸರು ಇಂಚರ. ಪದ್ಮರಾಜನ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದವಳು. ಪ್ರಯೋಗದ ಇಲಿಗಳನ್ನು ಎಚ್ಚರವಾಗಿಡುವುದು ಅವಳ ಕೆಲಸ. ಅದಕ್ಕೆ ಯಂತ್ರ ಬೇಕಿಲ್ಲ, ಚಿತ್ರ ಬಿಡಿಸುವ ಮೆತ್ತನೆ ಬ್ರಷ್ ಸಾಕು. ಇಲಿ ತೂಕಡಿಸಿದರೆ ಬೆನ್ನ ಮೇಲೆ ಒಮ್ಮೆ ಸವರಬೇಕು. ಅದಕ್ಕೆ ನೋವಾಗಬಾರದು, ಅದು ಬೆದರಲೂಬಾರದು. ರಾತ್ರಿಯಿಡೀ ಬ್ರಷ್ ಹಿಡಿದವರು ಕಣ್ಣು ಮುಚ್ಚುವ ಹಾಗಿಲ್ಲ.

ಮುಚ್ಚಿದವರಿಗೆ ಪ್ರಯೋಗದ ಕೋಣೆಯಲ್ಲಿ ಹಳೆಯದೊಂದು ಪದ್ಧತಿಯಿತ್ತು. ತೂಕಡಿಸಿದವರ ಮೂಗಿಗೂ ಅದೇ ಬ್ರಷ್ ಸವರಿ ಎಲ್ಲರೂ ಹೋ ಎಂದು ನಗುವುದು. ಬ್ರಷ್ ತಿಂದವರು ವಾರವಿಡೀ ತಲೆತಗ್ಗಿಸಿಕೊಂಡು ಓಡಾಡುತ್ತಿದ್ದರು.

ಇಂಚರ ಒಮ್ಮೆಯೂ ಬ್ರಷ್ ತಿಂದವಳಲ್ಲ. ವಿಜ್ಞಾನಿ ಅಂದರೆ ಇವಳು ಎಂದು ಪದ್ಮರಾಜ ಎಲ್ಲರೆದುರು ಹೊಗಳಿದ್ದ. ಹೊಗಳಿಕೆಯ ಹಾಗೆ ನಿದ್ದೆ ಕೆಡಿಸುವ ವಸ್ತು ಬೇರೊಂದಿಲ್ಲ.

"ಪ್ರಯೋಗ ಮುಗಿದ ಬೆಳಿಗ್ಗೆ ಇಲಿಗಳನ್ನ ಮಲಗೋಕೆ ಬಿಟ್ವಿ," ಎಂದ ಪದ್ಮರಾಜ. "ಅದು ನಿಯಮ. ಕೆಡಿಸಿದ ನಿದ್ದೆಯನ್ನ ಅವಕ್ಕೆ ವಾಪಸ್ ಕೊಡಲೇಬೇಕು. ಅದನ್ನ ನೋಡಿಕೊಳ್ಳೋಕೆ ಒಂದು ಸಮಿತಿನೇ ಇದೆ."

"ಬ್ರಷ್ ಹಿಡಿದವರ ನಿದ್ದೆಗೆ?"

"ಅದಕ್ಕೆ ಸಮಿತಿ ಇಲ್ಲ ಮೇಷ್ಟ್ರೇ."

"ಹೂಂ. ಆಮೇಲೆ?"

"ಇಂಚರ ಬಾಗಿಲಿಗೆ ಬೋರ್ಡ್ ಹಾಕಿದಳು. 'ಇಲಿಗಳು ಮಲಗಿವೆ, ಸದ್ದು ಮಾಡಬೇಡಿ' ಅಂತ. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದಳು. ಸ್ಕೂಟರ್ ಕೂಡ ಅಲ್ಲಿ ಸ್ಟಾರ್ಟ್ ಮಾಡಲಿಲ್ಲ, ಅವು ಎದ್ದುಬಿಡ್ತವೆ ಅಂತ. ಗೇಟಿನವರೆಗೂ ತಳ್ಳಿಕೊಂಡೇ ಹೋದಳು."

ಅವನು ಮೊರದಲ್ಲಿದ್ದ ಸೊಪ್ಪಿನ ಕಡ್ಡಿಯೊಂದನ್ನು ಎತ್ತಿ ಮುರಿದ.

"ರಸ್ತೆ ಬದಿಗೆ ನಿಂತಿದ್ದ ಲಾರಿಗೆ ನೇರ ಗುದ್ದಿದಳು, ಅಲ್ಲೇ ಹೋಗಿಬಿಟ್ಟಳು. ಬ್ರೇಕ್ ಹಿಡಿದ ಗುರುತೇ ಇಲ್ಲ ಅಂದರು ಪೊಲೀಸರು."

"ಕಣ್ಣು ತೆರೆದೇ ಇತ್ತೇನೋ," ಎಂದರು ಮೇಷ್ಟ್ರು.

ಪದ್ಮರಾಜ ಮುಖ ಮುಚ್ಚಿಕೊಂಡ. "ನಾನು ಅವಳನ್ನ ಹೋಗು ಅಂದಿರಲಿಲ್ಲ. ಎಷ್ಟೋ ಜನ ಹಾಗೇ ಮನೆಗೆ ಹೋಗ್ತಾರೆ, ಬರ್ತಾರೆ..."

"ಕುಂಬಳಕಾಯಿ ಕಳ್ಳ ಅಂತ ನಾನಿನ್ನೂ ಅಂದೇ ಇಲ್ಲ. ಆಗಲೇ ಹೆಗಲು ಮುಟ್ಟಿ ನೋಡಿಕೊಳ್ತಿದ್ದೀಯಲ್ಲ."

ಹೊಳೆಯ ಆಚೆ ದಡದಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು. ಪದ್ಮರಾಜ ಅತ್ತ ನೋಡುತ್ತಲೇ ಹೇಳಿದ.

"ಅವಳ ತಾಯಿ ಬಂದಿದ್ದರು. ನನ್ನ ಮಗಳು ಇಲ್ಲಿ ಏನು ಕೆಲಸ ಮಾಡ್ತಿದ್ದಳು ಸಾರ್ ಅಂತ ಕೇಳಿದರು. ನಿದ್ದೆ ವಿಷಯದಲ್ಲಿ ಸಂಶೋಧನೆ ಅಮ್ಮಾ ಅಂದೆ. 'ಹಾಗಾದರೆ ಅವಳಿಗೆ ನಿದ್ದೆ ಬಂದಿದೆ ಅಂತ ನಿಮಗೆ ತಿಳಿಯಲಿಲ್ವಾ' ಅಂದರು."

"ನೀನೇನಂದೆ?"

"ಮೀಟಿಂಗ್ ಇದೆ ಅಂತ ಎದ್ದುಬಂದೆ."

"ತಿಳಿದಿತ್ತಾ?"

"ತಿಳಿದಿತ್ತು," ಎಂದ ಪದ್ಮರಾಜ. ಆ ಮಾತು ಹೊರಬಿದ್ದ ಮೇಲೆ ಉಳಿದದ್ದನ್ನು ತಡೆಹಿಡಿಯಲಾಗಲಿಲ್ಲ. "ಆ ಬೆಳಿಗ್ಗೆ ಅವಳ ಕಣ್ಣು ಕೆಂಡದ ಹಾಗಿತ್ತು. ಸ್ವಲ್ಪ ಹೊತ್ತು ಇಲ್ಲೇ ಒರಗಿಕೊಂಡು ಹೋಗ್ಲಾ ಸಾರ್ ಅಂತ ಕೇಳಿದಳು. ನಾನು... ಬ್ರಷ್ ತರಲಾ ಅಂದೆ. ತಮಾಷೆಗೆ. ಎಲ್ಲರೂ ನಕ್ಕರು. ಅವಳೂ ನಕ್ಕು ಎದ್ದು ಹೋದಳು."

ಅವನು ಮೇಷ್ಟ್ರ ಪಾದ ಹಿಡಿದುಕೊಂಡ.

"ನನಗೆ ಪ್ರಶಸ್ತಿ ಬೇಡ, ಹೆಸರು ಬೇಡ. ನಿನ್ನ ತಪ್ಪಲ್ಲ ಅಂತ ಒಂದು ಮಾತು ಅಂದುಬಿಡಿ. ನೀವು ಅಂದರೆ ನಾನು ಮಲಗ್ತೀನಿ."

"ಅದನ್ನ ಅನ್ನೋಕೆ ನಾನ್ಯಾರು? ಮೂಗಿಗೆ ಬ್ರಷ್ ಸವರೋ ತಮಾಷೆ ಆ ಕೋಣೆಯಲ್ಲಿ ಶುರುಮಾಡಿದ್ದು ಯಾರು?"

ಪದ್ಮರಾಜ ಹಿಡಿದ ಪಾದ ಬಿಟ್ಟ.

"ಹೇಳಯ್ಯ."

"ನೀವು."

"ಎಲ್ಲರಿಗಿಂತ ಜೋರಾಗಿ ನಗ್ತಿದ್ದವನು?"

"ನೀವೇ ಮೇಷ್ಟ್ರೇ."

ಮೇಷ್ಟ್ರು ಮೊರ ಪಕ್ಕಕ್ಕಿಟ್ಟರು. ಶಲ್ಯ ಹೆಗಲಿಗೆ ಹಾಕಿಕೊಂಡು, ಮೊಣಕಾಲಿಗೆ ಕೈಕೊಟ್ಟು ಎದ್ದರು. ಎದ್ದಾಗ ಅವರು ಎಷ್ಟು ಇಳಿದುಹೋಗಿದ್ದಾರೆ ಎಂಬುದು ಪದ್ಮರಾಜನಿಗೆ ಕಂಡಿತು. ಅವರ ಕಣ್ಣ ಸುತ್ತಲೂ ಕಪ್ಪು ಕಟ್ಟಿತ್ತು.

"ಎಲ್ಲಿಗೆ ಹೊರಟಿರಿ?"

"ಆ ತಾಯಿ ಮನೆಗೆ. ಅವರು ಕೇಳಿದ್ದಕ್ಕೆ ಉತ್ತರ ಕೊಡೋದು ಬಾಕಿ ಇದೆಯಲ್ಲ. ನನಗೆ ಹೇಳಿದ್ದನ್ನ ಅವರೆದುರು ಹೇಳು. ನನ್ನದನ್ನ ನಾನು ಹೇಳ್ತೀನಿ."

ಪದ್ಮರಾಜನಿಗೆ ಆಕೆ ಶಪಿಸಿಯಾಳು, ಮುಖದ ಮೇಲೆ ಬಾಗಿಲು ಹಾಕಿಯಾಳು ಎಂದು ಭಯವಾಯಿತು. ಆ ಭಯದ ಬೆನ್ನಿಗೇ ಸಣ್ಣದೊಂದು ಆಸೆಯೂ ಇಣುಕಿತು. ಮನುಷ್ಯನ ಮನಸ್ಸು ಅಷ್ಟು ನಾಚಿಕೆಗೆಟ್ಟದ್ದು.

"ಮೇಷ್ಟ್ರೇ, ಅವರು ನಮ್ಮನ್ನ ಕ್ಷಮಿಸ್ತಾರಾ?"

ಮೇಷ್ಟ್ರು ತಿರುಗಿ ನೋಡದೆ ಮೆಟ್ಟಿಲಿಳಿದರು.

"ಕ್ಷಮಿಸದೇ ಇರಲಿ ಅಂತ ಬೇಡಿಕೋ. ಕ್ಷಮಿಸಿದ ದಿನ ನಾವಿಬ್ಬರೂ ಮತ್ತೆ ಮಲಗಿಬಿಡ್ತೀವಿ."