ಮೂಲೆ ತೊಟ್ಟಿಯತ್ತ ತಿರುಗಿದ ಮೀನುಗಳು

ಮಕ್ಕಳೇ, ಗಾಜಿನ ಕೆರೆಗಳನ್ನು ನೀವೆಲ್ಲ ನೋಡಿರುತ್ತೀರಿ. ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಾಲಾಗಿ ಜೋಡಿಸಿಟ್ಟಿರುತ್ತಾರಲ್ಲ, ಆ ತೊಟ್ಟಿಗಳು. ಷಡಕ್ಷರಿ ಎಂಬವನ ಅಂಗಡಿಯಲ್ಲಿ ಅಂಥವು ಹತ್ತೊಂಬತ್ತು ಇದ್ದವು. ಒಂದೊಂದರಲ್ಲೂ ಒಂದೊಂದು ದೇಶದ ಜೀವಿಗಳು.

ಬಾಗಿಲ ಬಳಿಯ ದೊಡ್ಡ ತೊಟ್ಟಿಯಲ್ಲಿ ಬೆಳ್ಳಿರಾಯನಿದ್ದ. ಅವನು ಅರೋವಾನಾ ಮೀನು. ಎರಡು ಮೊಳ ಉದ್ದದ ಮೈ, ತಿಕ್ಕಿ ತೊಳೆದ ಪಾತ್ರೆಯಂತೆ ಹೊಳೆಯುವ ಹುರುಪೆ. ಗಿರಾಕಿಗಳು ಒಳಗೆ ಕಾಲಿಟ್ಟರೆ ಸಾಕು, ಗರಕ್ಕನೆ ತಿರುಗಿ ಮೈ ಮಿಂಚಿಸುತ್ತಿದ್ದ. ಬಂದವರ ಕಣ್ಣು ಅಲ್ಲೇ ನಿಂತುಬಿಡುತ್ತಿತ್ತು.

ಅಂಗಡಿಯ ನಡುವೆ ಒಂದು ಪ್ಲಾಸ್ಟಿಕ್ ಟಬ್. ಅದರಲ್ಲಿ ಕೆಂಪು ಕಿವಿಯ ಆಮೆಯಮ್ಮ. ಹತ್ತಿ ಕೂರಲು ಒಂದು ಕಲ್ಲೂ ಇಲ್ಲದೆ, ಬಿಸಿಲೂ ಬೀಳದೆ, ಅವಳ ಚಿಪ್ಪು ಮೆತ್ತಗಾಗಿತ್ತು.

ಎಲ್ಲಕ್ಕಿಂತ ಹಿಂದೆ, ಮೀನಿನ ಆಹಾರದ ಚೀಲಗಳ ಮರೆಯಲ್ಲಿ, ಕಾದ ತಗಡಿನ ಸೂರಿಗೆ ಹತ್ತಿರದಲ್ಲಿ ಮೂಲೆ ತೊಟ್ಟಿ ಇತ್ತು. ಅದರ ವಿಷಯ ಯಾರೂ ಎತ್ತುತ್ತಿರಲಿಲ್ಲ.

ಆದರೆ ಹಲ್ಲಿಗೆ ಎಲ್ಲ ಗೊತ್ತಿತ್ತು. ಗೋಡೆಯ ಮೇಲೆ ಓಡಾಡುತ್ತ ಈ ತೊಟ್ಟಿಯ ಮಾತನ್ನು ಆ ತೊಟ್ಟಿಗೆ ಮುಟ್ಟಿಸುತ್ತಿದ್ದುದು ಅವಳೊಬ್ಬಳೇ. ಮೂಲೆ ತೊಟ್ಟಿಗೆ ಬಂದ ಹೊಸಬರೆಲ್ಲ ಮೊದಲ ದಿನ ಅವಳನ್ನು ಒಂದೇ ಪ್ರಶ್ನೆ ಕೇಳುತ್ತಿದ್ದರು.

"ಇಲ್ಲಿ ಬೆಳಗಾಗುವುದು ಯಾವಾಗ?"

ಐದಾರು ದಿನ ಕಳೆದರೆ ಅವರ ಬಾಯಿ ಆಡುತ್ತಿತ್ತು, ದನಿ ಬರುತ್ತಿರಲಿಲ್ಲ. ಆಮೇಲೆ ಮೈಮೇಲೆ ಬಿಳಿ ಹತ್ತಿಯಂಥ ಬೂಷ್ಟು ಬೆಳೆಯುತ್ತಿತ್ತು. ಕೊನೆಗೆ ಷಡಕ್ಷರಿ ಹಳೇ ಪೇಪರ್ ಹಿಡಿದು ಬರುತ್ತಿದ್ದ. ಮರುದಿನ ಅದೇ ನೀರಿನಲ್ಲಿ ಬೇರೊಂದು ಜೀವ. ಬೇರೆ ಮೈ, ಬೇರೆ ಬಣ್ಣ, ಬೇರೆ ದೇಶ. ಆದರೂ ಯಾರೋ ಹೇಳಿಕೊಟ್ಟ ಹಾಗೆ ಅದೇ ಮಾತು.

"ಇಲ್ಲಿ ಬೆಳಗಾಗುವುದು ಯಾವಾಗ?"

ಆ ವರ್ಷದ ಬೇಸಿಗೆಯಲ್ಲಿ ಅಲ್ಲಿಗೆ ಗುಲಾಬಿ ಬಂದಳು. ಅವಳು ಆಕ್ಸೊಲಾಟಲ್. ಮೀನಿನಂತೆ ನೀರಲ್ಲೇ ಬಾಳುವ, ಆದರೆ ನಾಲ್ಕು ಕಾಲಿರುವ ಜೀವಿ. ತಿಳಿಗೆಂಪು ಮೈ, ಕತ್ತಿನ ಎರಡೂ ಕಡೆ ಗರಿಗಳಂಥ ಕಿವಿರುಗಳು, ಸದಾ ನಗುವಂತೆ ಕಾಣುವ ಬಾಯಿ. ಅವಳ ಊರು ತಣ್ಣೀರಿನ ಸರೋವರ. ಇಲ್ಲಿಯ ನೀರೋ, ಸ್ನಾನಕ್ಕೆ ಕಾಯಿಸಿಟ್ಟ ಹಾಗೆ.

ಅವಳೂ ಅದೇ ಪ್ರಶ್ನೆ ಕೇಳಿದಳು. ಹಲ್ಲಿ ನೇರ ಆಮೆಯಮ್ಮನ ಟಬ್ಬಿನ ಅಂಚಿಗೆ ಓಡಿ ಬಂದಳು.

"ಅಮ್ಮಾ, ಮತ್ತೊಬ್ಬಳು ಬಂದಿದ್ದಾಳೆ. ನಗುತ್ತಲೇ ಇದ್ದಾಳೆ. ಗರಿಗಳು ಮಾತ್ರ ಆಗಲೇ ಸುರುಟಿಕೊಳ್ಳುತ್ತಿವೆ."

"ಅದು ನಗು ಅಲ್ಲ ಮಗಳೇ. ಅವಳ ಬಾಯಿ ಇರುವುದೇ ಹಾಗೆ. ಸಾಯುವಾಗಲೂ ಹಾಗೇ ಇರುತ್ತದೆ," ಎಂದಳು ಆಮೆಯಮ್ಮ.

"ಯಾರಾದರೂ ಪುಣ್ಯಾತ್ಮರು ಕೊಂಡುಕೊಂಡು ಹೋದರೆ?"

"ಹಿಂದೆ ಆ ಮೂಲೆಯಲ್ಲಿದ್ದ ಉಬ್ಬುಮೀನನ್ನು ಒಬ್ಬರು ಪಾಪ ಅಂತ ಒಯ್ದರಲ್ಲ, ಏನಾಯಿತು? ಮರುದಿನವೇ ತೊಟ್ಟಿ ತುಂಬಿತು. ಒಬ್ಬರನ್ನು ಒಯ್ದರೆ ಸಾಲದು. ಆ ತೊಟ್ಟಿಯೇ ಹೋಗಬೇಕು. ಅದಕ್ಕೆ ಅದು ಜನರ ಕಣ್ಣಿಗೆ ಬೀಳಬೇಕು."

ಆಮೆಯಮ್ಮ ಒಂದು ಉಪಾಯ ಹೇಳಿದಳು. ಗಿರಾಕಿ ಬಂದಾಗ ಯಾರೂ ಈಜಬಾರದು. ಎಲ್ಲರೂ ಕದಲದೆ ನಿಂತು ಮೂಲೆಯತ್ತಲೇ ನೋಡಬೇಕು. ಹಲ್ಲಿ ತೊಟ್ಟಿಯಿಂದ ತೊಟ್ಟಿಗೆ ಹೋಗಿ ತಿಳಿಸಿದಳು. ಹೊಂಬಣ್ಣದ ಮೀನುಗಳು ಒಪ್ಪಿದವು. ಗಾಜು ನೆಕ್ಕುವ ಮೀನು ನೆಕ್ಕುತ್ತಲೇ ಹೂಂ ಎಂದಿತು. ಉಳಿದವನು ಬೆಳ್ಳಿರಾಯ.

"ನನ್ನಿಂದಾಗದು," ಎಂದ ಅವನು. "ನನ್ನ ನೀರು ತಿಳಿಯಾಗಿದೆ, ಹೊತ್ತಿಗೆ ಸರಿಯಾಗಿ ಊಟ ಬರುತ್ತದೆ. ಆ ಮೂಲೆಯತ್ತ ನೋಡಿದರೆ ತಿಂದದ್ದು ಮೈಗೆ ಹತ್ತುವುದಿಲ್ಲ."

"ರಾಯರೇ, ನೀವು ಮಿಂಚುತ್ತಿದ್ದರೆ ಜನ ನಿಮ್ಮನ್ನು ದಾಟಿ ಹಿಂದೆ ನೋಡುವುದೇ ಇಲ್ಲ."

"ನೋಡದಿದ್ದರೆ ಬಿಡಲಿ. ನನಗೇನು?"

ಹಾಗೆಂದು ಅವನು ಬೆನ್ನು ತಿರುಗಿಸಿದ. ಆ ವಾರ ಬಂದ ಗಿರಾಕಿಗಳೆಲ್ಲ ಅವನನ್ನು ನೋಡಿ ಹೊಗಳಿ ಹೋದರು. ಉಳಿದ ಹದಿನೇಳು ತೊಟ್ಟಿಗಳ ಜೀವಿಗಳು ಕಲ್ಲಿನಂತೆ ನಿಂತಿದ್ದುದನ್ನು ಯಾರೂ ಗಮನಿಸಲಿಲ್ಲ.

ಒಂದು ಮಧ್ಯಾಹ್ನ ಷಡಕ್ಷರಿ ಮೂಲೆ ತೊಟ್ಟಿಯೊಳಗೆ ಬಲೆ ಆಡಿಸಿ, ತೇಲುತ್ತಿದ್ದ ಕಸ ತೆಗೆದ. ಬಲೆಯನ್ನು ತೊಳೆಯಲಿಲ್ಲ. ಹಾಗೇ ತಂದು ಬೆಳ್ಳಿರಾಯನ ನೀರಿಗೆ ಅದ್ದಿದ.

ಮೂರನೆಯ ದಿನ ಬೆಳ್ಳಿರಾಯ ಗಾಜಿನಲ್ಲಿ ತನ್ನ ಚೆಲುವು ನೋಡಿಕೊಳ್ಳುತ್ತಿದ್ದ. ಅವನ ಹಿಂದೆ ಬೆಳ್ಳಗಿನದೊಂದು ಬರುತ್ತಿತ್ತು. ನಿಂತರೆ ಅದೂ ನಿಂತಿತು. ಓಡಿದರೆ ಅದೂ ಓಡಿತು. ಸರ್ರನೆ ತಿರುಗಿದ, ಅಲ್ಲಿ ಬರೀ ನೀರು. ಮತ್ತೆ ಗಾಜಿನತ್ತ ತಿರುಗಿದರೆ ಅದು ಮತ್ತೆ ಅವನ ಬೆನ್ನಿಗಿತ್ತು.

"ಹಲ್ಲೀ! ನನ್ನ ತೊಟ್ಟಿಗೆ ಯಾರನ್ನು ಬಿಟ್ಟಿದ್ದಾರೆ?"

ಹಲ್ಲಿ ಕೆಳಗಿಳಿದು ಬಂದು ತುಂಬ ಹೊತ್ತು ನೋಡಿದಳು.

"ಯಾರನ್ನೂ ಬಿಟ್ಟಿಲ್ಲ ರಾಯರೇ. ಅದು ನಿಮ್ಮ ಬಾಲ."

ಬಾಲದ ತುದಿಯಲ್ಲಿ ಬಿಳಿ ಹತ್ತಿಯಂಥ ಬೂಷ್ಟು ಅಲ್ಲಾಡುತ್ತಿತ್ತು. ಬೆಳ್ಳಿರಾಯ ಏನೋ ಹೇಳಲು ಬಾಯಿ ತೆರೆದ. ಒಂದು ಕ್ಷಣ ದನಿಯೇ ಹೊರಡಲಿಲ್ಲ. ಜೀವನದಲ್ಲಿ ಮೊದಲ ಸಲ ಅವನಿಗೆ ಭಯವಾಯಿತು. ಆ ಭಯದಲ್ಲೇ ಅವನು ಮೂಲೆಯತ್ತ ನೋಡಿದ. ಚೀಲಗಳ ಸಂದಿಯಿಂದ ಒಂದು ಸಣ್ಣ ಮುಖ ಅವನನ್ನೇ ನೋಡುತ್ತಿತ್ತು, ನಗುತ್ತಿದ್ದಂತೆ.

"ಎಷ್ಟು ದಿನದಿಂದ ಹೀಗೆ ನೋಡುತ್ತಿದ್ದಾಳೆ?" ಎಂದು ಮೆಲ್ಲಗೆ ಕೇಳಿದ.

"ಬಂದ ದಿನದಿಂದ. ನೀವು ಮಿಂಚುವಾಗ ಆ ಬೆಳಕು ಅಲ್ಲಿಗೂ ಬೀಳುತ್ತದಂತೆ. ಬೆಳಗಾಯಿತೇನೋ ಅಂದುಕೊಳ್ಳುತ್ತಾಳಂತೆ."

ಬೆಳ್ಳಿರಾಯ ಮೂಲೆಯತ್ತ ಮುಖ ಮಾಡಿ ನಿಂತ.

ಆ ಸಂಜೆ ಜರೀನಾ ಎಂಬ ಹೊಲಿಗೆಯವಳು ಅಂಗಡಿಗೆ ಬಂದಳು. ತನ್ನ ಹೊಲಿಗೆ ಮಿಷನ್ನಿನ ಪಕ್ಕ ಇಡಲು ಅವಳಿಗೆ ಎರಡು ಹೊಂಬಣ್ಣದ ಮೀನು ಬೇಕಿದ್ದವು. ಒಳಗೆ ಎರಡು ಹೆಜ್ಜೆ ಇಟ್ಟವಳು ನಿಂತುಬಿಟ್ಟಳು. ಗಾಳಿ ಊದುವ ಮೋಟಾರಿನ ಗುಂಯ್ ಸದ್ದು ಬಿಟ್ಟರೆ ಏನೂ ಇಲ್ಲ. ನೂರಾರು ಮೀನುಗಳು. ಒಂದೂ ಈಜುತ್ತಿಲ್ಲ. ಎಲ್ಲದರ ಮುಖ ಒಂದೇ ಕಡೆ.

ಅವಳ ತೋಳಿನ ರೋಮ ನೆಟ್ಟಗಾದವು. "ಅಣ್ಣಾ, ಇವೆಲ್ಲ ಏನು ನೋಡ್ತಿವೆ?"

"ಏನಿಲ್ಲಕ್ಕಾ, ಸೆಕೆಗೆ ಮಂಕಾಗಿವೆ," ಎಂದ ಷಡಕ್ಷರಿ.

ಅವಳು ಗಾಜನ್ನು ಬೆರಳಿನಿಂದ ಮುಟ್ಟಿದಳು. ಬೆಳ್ಳಿರಾಯ ಕದಲಲಿಲ್ಲ. ಅವನು ನೋಡುತ್ತಿದ್ದ ಕಡೆಗೇ ಅವಳು ನಡೆದಳು. ಚೀಲಗಳನ್ನು ಸರಿಸಿದಳು. ನೀರಿಗೆ ಬೆರಳು ಅದ್ದಿ ಥಟ್ಟನೆ ಹಿಂದಕ್ಕೆಳೆದುಕೊಂಡಳು.

"ಅಯ್ಯೋ ದೇವರೇ! ಇದು ಬಿಸಿನೀರಲ್ವಾ? ಈ ಮರಿಯ ಗರಿಯೆಲ್ಲ ಉದುರಿದೆ. ಕೊಡಿ, ಇದನ್ನ ನಾನೇ ಒಯ್ತೀನಿ."

ಒಬ್ಬರನ್ನು ಒಯ್ದರೆ ಸಾಲದು ಎಂಬ ಮಾತು ಹಲ್ಲಿಗೆ ನೆನಪಾಯಿತು. ಆಮೆಯಮ್ಮ ಕಣ್ಣು ಮುಚ್ಚಿದಳು.

"ಧಾರಾಳವಾಗಿ ಒಯ್ಯಿರಿ," ಎಂದ ಷಡಕ್ಷರಿ ಉತ್ಸಾಹದಿಂದ. "ನಾಳೆ ಬೆಳಗ್ಗೆ ಇಲ್ಲಿಗೆ ಇನ್ನೊಂದು ತರಿಸ್ತೀನಿ. ಈ ತೊಟ್ಟಿ ಖಾಲಿ ಇದ್ದದ್ದೇ ಇಲ್ಲ."

ಜರೀನಾಳ ಚಾಚಿದ ಕೈ ಅಲ್ಲೇ ನಿಂತಿತು.

"ಈ ನೀರಿಗೇ ಇನ್ನೊಂದಾ?"

"ಹೌದು, ಮತ್ತೆಲ್ಲಿಗೆ?"

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಮೊಬೈಲಿನಲ್ಲಿ ಮೂಲೆ ತೊಟ್ಟಿಯ ಫೋಟೋ ತೆಗೆದಳು. ಬೆಳ್ಳಿರಾಯನ ಬಾಲದ್ದೂ, ಆಮೆಯಮ್ಮನ ಕಲ್ಲಿಲ್ಲದ ಟಬ್ಬಿನದ್ದೂ ತೆಗೆದಳು.

"ಅಣ್ಣಾ, ನಿಮ್ಮೆದುರಿಗೇ ಹೇಳ್ತೀನಿ. ಈಗಲೇ ಇದಕ್ಕೆ ತಣ್ಣೀರು ಹಾಕಿ. ನಾನು ಪಶುವೈದ್ಯರ ಹತ್ತಿರ ಹೋಗ್ತಿದೀನಿ."

"ಒಂದು ಹುಳದಂಥ ಪ್ರಾಣಿಗೆ ಡಾಕ್ಟರಾ?" ಎಂದು ಷಡಕ್ಷರಿ ನಕ್ಕ. ಯಾರೂ ಜೊತೆಗೂಡಿ ನಗಲಿಲ್ಲ. ಅವನು ಸುತ್ತ ನೋಡಿದ. ಈಗ ಮೀನುಗಳೆಲ್ಲ ಅವನತ್ತ ತಿರುಗಿದ್ದವು. ನಗು ಅರ್ಧಕ್ಕೇ ನಿಂತಿತು. ಎದ್ದು ಹೋಗಿ ಮೂಲೆ ತೊಟ್ಟಿಗೆ ಎರಡು ಕೊಡ ತಣ್ಣೀರು ಮೆಲ್ಲಗೆ ಸುರಿದ.

ಮರುದಿನ ಬೆಳಿಗ್ಗೆ ಪಶುವೈದ್ಯ ಇಂದುಧರ ಅವರು, ಪ್ರಾಣಿದಯಾ ಸಂಘದ ಇಬ್ಬರು ಮತ್ತು ಜರೀನಾ ಒಟ್ಟಿಗೆ ಬಂದರು. ಡಾಕ್ಟರು ಬಲೆ ನೋಡಿದರು, ನೀರು ನೋಡಿದರು, ಒಂದೊಂದು ತೊಟ್ಟಿಯ ಮುಂದೆಯೂ ಕೂತು ಬರೆದುಕೊಂಡರು. ಗುಲಾಬಿಯನ್ನು ತಂಪು ನೀರಿನ ಪಾತ್ರೆಯಲ್ಲಿಟ್ಟು ತಮ್ಮ ಆಸ್ಪತ್ರೆಗೆ ಒಯ್ದರು. ಆಮೆಯಮ್ಮನಿಗೆ ಅಗಲವಾದ ಕಲ್ಲು, ಕಿಟಕಿಯ ಬಿಸಿಲು ಸಿಕ್ಕಿತು. ಸಾಕಲು ಬಾರದ ಜೀವಿಗಳನ್ನು ಇನ್ನು ಮುಂದೆ ತರಿಸುವುದಿಲ್ಲವೆಂದು ಷಡಕ್ಷರಿ ಬರೆದುಕೊಟ್ಟ. ಮೂಲೆ ತೊಟ್ಟಿಯನ್ನು ನಾಲ್ಕು ಜನ ಸೇರಿ ಹೊರಗೆ ಹೊತ್ತು ಹಾಕಿದರು.

ಗುಲಾಬಿ ಬದುಕಿದಳು. ಅವಳ ಜಾತಿಗೆ ಉದುರಿದ ಗರಿ ಮತ್ತೆ ಚಿಗುರುತ್ತದೆ. ಬೆಳ್ಳಿರಾಯನಿಗೆ ಆ ಅದೃಷ್ಟವಿಲ್ಲ. ಔಷಧಿಯಿಂದ ಜೀವ ಉಳಿಯಿತು, ಬಾಲದ ಅರ್ಧ ಹೋಯಿತು. ಈಗ ಅವನು ನಿಧಾನವಾಗಿ ಓರೆಯಾಗಿ ಈಜುತ್ತಾನೆ. ಹೊಸಬರು ಯಾರೇ ಬರಲಿ, "ನೀರು ಹೇಗಿದೆಯಂತೆ, ಕೇಳಿಕೊಂಡು ಬಾ," ಎಂದು ಹಲ್ಲಿಯನ್ನು ಮೊದಲು ಕಳಿಸುವವನು ಅವನೇ.

ಇನ್ನು ಷಡಕ್ಷರಿ. ದಿನಾ ಬೆಳಿಗ್ಗೆ ಅವನು ಅಂಗಡಿಯ ಶಟರ್ ಎತ್ತುತ್ತಾನೆ. ಒಳಗೆ ಹದಿನೆಂಟು ತೊಟ್ಟಿಗಳು. ಒಂದು ರೆಕ್ಕೆಯೂ ಅಲುಗುವುದಿಲ್ಲ. ಎಲ್ಲ ಕಣ್ಣುಗಳೂ ಅವನ ಮೇಲಿರುತ್ತವೆ. ಅವನು ಅಂಗಿಯ ತೋಳು ಮಡಚಿ, ಒಂದೊಂದು ತೊಟ್ಟಿಗೂ ಕೈ ಅದ್ದಿ ನೀರು ಮುಟ್ಟಿ ನೋಡುತ್ತಾನೆ. ಕೊನೆಯ ತೊಟ್ಟಿಯನ್ನೂ ನೋಡಿ ಮುಗಿಸಿದ ಮೇಲೆ ಮೀನುಗಳು ಈಜಲು ಶುರು ಮಾಡುತ್ತವೆ.

ನೀತಿ: ಪಕ್ಕದವರ ಸಂಕಟಕ್ಕೆ ಬೆನ್ನು ತಿರುಗಿಸಿದರೆ ಅದು ನಮ್ಮ ಮನೆಗೂ ಬರುತ್ತದೆ, ಕಂಡ ಅನ್ಯಾಯವನ್ನು ತಕ್ಕವರಿಗೆ ತಿಳಿಸಿ ನಿಲ್ಲಿಸುವುದೇ ನಿಜವಾದ ದಯೆ.